ರಟ್ಟರ ಪೇಟೆಯೂ ಹಾಲೆಂಡದ ಪೇಟೆಯೂ

ಹೂಲಿಯು ಪ್ರಾಚೀನ ಶಾಸನಗಳಲ್ಲಿ ಪೂಲಿಯೆಂದು ಕರೆಯಿಸಿಕೊಂಡ, ಸಾಸಿರ್ವರು ಮಹಾಜನರ ಅಗ್ರಹಾರವು. ಅದರ ನೆರೆಯ ಸವದತ್ತಿಯೇ ರಟ್ಟರ ಸುಗಂಧವರ್ತಿ. ಮುಂದೆ ಈ ಅರಸರು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ರಾಜಧಾನಿಯನ್ನು ಸಾಗಿಸಿದರು. ಅಗ್ರಹಾರದ ವಿದ್ಯೆಯನ್ನೂ ಅರಸರ ಶೌರ್ಯವನ್ನೂ ನಮ್ಮವರು ಹೊಗಳುತ್ತ ಬಂದಿರುವರು. ಆದರೆ ಪೇಟೆಯ ಧರ್ಮವನ್ನು ಸ್ಮರಿಸುವವರು ವಿರಳ.

ನಾಲ್ಕನೆಯ ಕಾರ್ತವೀರ್ಯನ ಕಾಲದ, ಕ್ರಿ. ಶ. 1204ರ ಬೆಳಗಾವಿಯ ಶಾಸನವು ಆ ಪೇಟೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವದು. ಊರಿನ ಸೆಟ್ಟಿಗಳೊಡನೆ ಲಾಳ ಹಾಗೂ ಮಲೆಯಾಳ ದೇಶಗಳ ವರ್ತಕರೂ ಸಭೆಗೂಡಿ, ಬೀಚಣನು ಕಟ್ಟಿಸಿದ ರಟ್ಟಜಿನಾಲಯಕ್ಕೆ ತಮ್ಮ ಸರಕುಗಳ ಮೇಲೆ ಆಯವನ್ನು ಬಿಟ್ಟುಕೊಟ್ಟರು. ಕುದುರೆ, ಬತ್ತ, ಅಡಕೆ, ಎಲೆ ಮೊದಲಾದ ಸರಕುಗಳಿಗೆ ಇಂತಿಷ್ಟೆಂದು ಗೊತ್ತುಮಾಡಿ, ಅದನ್ನು ಕಲ್ಲಿನಲ್ಲಿ ಕೊರೆಯಿಸಿದರು. ನಾಲ್ವರ ಎದುರಿಗೆ ಆಡಿದ ಮಾತಿಗೆ ಕಲ್ಲೇ ಸಾಕ್ಷಿಯಾಯಿತು.

ಇದೇ ಬಗೆಯ ಕಟ್ಟಳೆಯು ಹಾಲೆಂಡ ದೇಶದ ಆಲ್ಕ್‌ಮಾರ ಎಂಬ ಊರಿನ ಚೀಸಿನ ಪೇಟೆಯಲ್ಲಿ ಕಾಣುವದು. ಹಾಲನ್ನು ಹೆಪ್ಪುಗಟ್ಟಿಸಿ, ನೀರು ಬಸಿದು, ಅಚ್ಚಿನಲ್ಲಿ ಒತ್ತಿ, ಬಹುದಿನ ಹದಗೊಳಿಸಿದ ಗಟ್ಟಿಯೇ ಚೀಸು. ಆ ಊರಿಗೆ 1365ರಲ್ಲಿಯೇ ಸಾರ್ವಜನಿಕ ತಕ್ಕಡಿಯಿದ್ದಿತು. ಚೀಸು ಹೊರುವವರ ಶ್ರೇಣಿಯು 1593ರಲ್ಲಿ ಏರ್ಪಟ್ಟಿತು. ಕೆಂಪು, ಹಸಿರು, ನೀಲಿ, ಹಳದಿ ಬಣ್ಣಗಳಿಂದ ಗುರುತಾಗುವ ನಾಲ್ಕು ತಂಡಗಳು. ಒಂದು ಹೊರೆಗೆ ಇಬ್ಬರಂತೆ, ಹೆಗಲಿನ ಪಟ್ಟಿಗೆ ತೂಗುಹಾಕಿದ ಮರದ ಚೌಕಟ್ಟಿನಲ್ಲಿ ಗಟ್ಟಿಗಳನ್ನಿಟ್ಟು, ಹೆಜ್ಜೆಗೂಡಿಸಿ ತೂಕದ ಮನೆಗೆ ಒಯ್ಯುವರು. ಕೊಳ್ಳುವವನು ಗಟ್ಟಿಗೆ ಕೊಳವೆ ಚುಚ್ಚಿ, ತಿರುಳು ತೆಗೆದು, ಮೂಸಿ ರುಚಿ ನೋಡುವನು. ಬಳಿಕ ಇಬ್ಬರೂ ಅಂಗೈ ತಟ್ಟುತ್ತ ಬೆಲೆ ಕೂಗಿ ಮುಗಿಸುವರು. ನಮ್ಮ ದನದ ಪೇಟೆಯ ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಗುಪ್ತವಾಗಿಡುವರು. ಅಲ್ಲಿಯವರು ಅದನ್ನು ಎಲ್ಲರ ಕಿವಿಗೆ ಬೀಳಿಸುವರು. ರೀತಿ ಬೇರೆಯಾದರೂ ಕೈಗೆ ಕೈ ಕೂಡಿದ ಮೇಲೆ ಮಾತು ತಪ್ಪಬಾರದೆಂಬ ನಿಯಮವು ಎರಡೂ ಕಡೆಗೆ ಒಂದೇ.

ಈಗ ಆಲ್ಕ್‌ಮಾರದ ಪೇಟೆಯು ಬಹುಮಟ್ಟಿಗೆ ಪ್ರವಾಸಿಗಳಿಗಾಗಿ ನಡೆಯುವದು. ನಿಜವಾದ ವ್ಯಾಪಾರವು ಬೇರೆಡೆಗೆ ಹೋಗಿರುವದು. ಆದರೂ ಆ ಜನರು ಹಿರಿಯರ ಕಟ್ಟಳೆಯನ್ನು ಮಕ್ಕಳ ಕಣ್ಣೆದುರು ಉಳಿಸಿಕೊಂಡಿರುವರು. ನಮ್ಮ ಪೇಟೆಯ ಕಟ್ಟಳೆಯಾದರೋ ಶಿಲೆಯಲ್ಲಿ ಮಾತ್ರ ಉಳಿದಿರುವದು. ರಟ್ಟಜಿನಾಲಯದ ದತ್ತಿಗಳನ್ನು ಸಾರುವ ಬೆಳಗಾವಿಯ ಎರಡು ಶಾಸನಗಳು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯವನ್ನು ಸೇರಿದವು. ಹೋದವುಗಳಿಗಾಗಿ ಮರುಗುವದಕ್ಕಿಂತ, ಹೂಲಿ-ಸವದತ್ತಿಗಳಲ್ಲಿ ಉಳಿದಿರುವ ಶಾಸನಗಳನ್ನು ಊರ ಮಕ್ಕಳಿಗೆ ಓದಿಸುವದು ಯೋಗ್ಯವು. ಓದುವವರಿಲ್ಲದ ಶಾಸನವು ಊರಲ್ಲಿದ್ದರೂ ಪರದೇಶಕ್ಕೆ ಹೋದಂತೆಯೇ ಸರಿ.