ಡಂಬಳ: ಸ್ಥಳೀಯ ಆಡಳಿತ ಚುನಾವಣೆಗಳ ಇತಿಹಾಸ

ಡಂಬಳವು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹೋಬಳಿ ಕೇಂದ್ರ. ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿರುವ ಈ ಊರು ನಕ್ಷತ್ರಾಕಾರದ ದೊಡ್ಡಬಸಪ್ಪ ದೇವಾಲಯ, ಹಳೆಯ ಕೆರೆ ಮತ್ತು ತೋಂಟದಾರ್ಯ ಮಠದ ಮೂಲಕ ನಾಡಿಗೆ ಪರಿಚಿತವಾಗಿದೆ. ಈ ಊರಿನ ಸ್ಥಳೀಯ ಚುನಾವಣೆಗಳ ಇತಿಹಾಸವನ್ನು ಒಂದೆಡೆ ಕೂಡಿಸಲು ಹೊರಟಾಗ ಎದುರಾಗುವ ಮೊದಲ ತೊಡಕು ಗಡಿಗಳದು. ಡಂಬಳ ಎಂಬ ಹೆಸರು ಬ್ರಿಟಿಷ್ ಕಾಲದಲ್ಲಿ ಒಂದು ತಾಲ್ಲೂಕಿಗೂ, ಈಗ ಒಂದು ಹೋಬಳಿಗೂ, ಒಂದು ಗ್ರಾಮ ಪಂಚಾಯತಿಗೂ, ಒಂದು ಜಿಲ್ಲಾ ಪಂಚಾಯತಿ ಕ್ಷೇತ್ರಕ್ಕೂ ಸಲ್ಲುತ್ತದೆ. 1997ರವರೆಗಿನ ಫಲಿತಾಂಶಗಳೆಲ್ಲ ಧಾರವಾಡ ಜಿಲ್ಲೆಯ ಲೆಕ್ಕದಲ್ಲಿ ಸೇರಿಕೊಂಡಿವೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಮುಂಡರಗಿ ವಿಧಾನಸಭಾ ಕ್ಷೇತ್ರ ಇಲ್ಲವಾಗಿ ಡಂಬಳ ಭಾಗವು ರೋಣ ಕ್ಷೇತ್ರಕ್ಕೂ ಮುಂಡರಗಿ ಪಟ್ಟಣವು ಶಿರಹಟ್ಟಿ ಮೀಸಲು ಕ್ಷೇತ್ರಕ್ಕೂ ಹೋದದ್ದರಿಂದ, ಒಂದೇ ತಾಲ್ಲೂಕಿನ ಮತದಾರರು ಪಂಚಾಯತಿಗೆ ಕೂಡಿ, ವಿಧಾನಸಭೆಗೆ ಬೇರೆಯಾಗಿ ಮತ ಹಾಕುವ ಸ್ಥಿತಿ ಏರ್ಪಟ್ಟಿದೆ. ಈ ವ್ಯತ್ಯಾಸಗಳನ್ನು ಗಮನಿಸದೆ ಅಂಕಿಗಳನ್ನು ಹೋಲಿಸುವ ಬರಹಗಳು ತಪ್ಪು ನಿರ್ಣಯಕ್ಕೆ ಬರುತ್ತವೆ.

ಶಾಸನಗಳ ಕಾಲ

ಹನ್ನೊಂದು ಮತ್ತು ಹನ್ನೆರಡನೆಯ ಶತಮಾನಗಳಲ್ಲಿ ಡಂಬಳಕ್ಕೆ ಧರ್ಮವೊಳಲ್, ಧರ್ಮಪುರ ಎಂಬ ಹೆಸರುಗಳಿದ್ದವು. ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಶಾಸನವು ಅವನ ರಾಣಿ ಲಕ್ಷ್ಮಾದೇವಿಯು ಹದಿನೆಂಟು ಅಗ್ರಹಾರಗಳನ್ನೂ ಧರ್ಮಪುರವನ್ನೂ ಆಳುತ್ತಿದ್ದುದನ್ನು ಹೇಳಿ, ಊರಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸೆಟ್ಟಿಯೊಬ್ಬ ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ ದಾಖಲಿಸುತ್ತದೆ. ಈ ಹದಿನಾರು ಸೆಟ್ಟಿಗಳನ್ನು ಡಂಬಳದ ಮೊದಲ ಚುನಾಯಿತ ಮಂಡಳಿ ಎಂದು ಕರೆಯುವ ಉತ್ಸಾಹ ಆಗಾಗ ಕಾಣಿಸಿಕೊಳ್ಳುತ್ತದೆ. ಆದರೆ ಶಾಸನದಲ್ಲಿ ಆಯ್ಕೆಯ ವಿಧಾನದ ಮಾತಿಲ್ಲ. ಅಲ್ಲಿ ಕಾಣುವುದು ವರ್ತಕರ ಸಂಘವೊಂದು ಒಟ್ಟಾಗಿ ದಾನ ನೀಡಿದ, ಒಟ್ಟಾಗಿ ಹೊಣೆ ಹೊತ್ತ ಸಂಗತಿ. ಅದು ಸಾಮೂಹಿಕ ಆಡಳಿತಕ್ಕೆ ಗಟ್ಟಿಯಾದ ಸಾಕ್ಷಿ, ಚುನಾವಣೆಗೆ ಅಲ್ಲ.

ಲೋಕಲ್ ಬೋರ್ಡುಗಳು

ಬ್ರಿಟಿಷ್ ಆಡಳಿತದ ಮೊದಲ ದಶಕಗಳಲ್ಲಿ ಡಂಬಳವು ಧಾರವಾಡ ಕಲೆಕ್ಟರೇಟಿನ ತಾಲ್ಲೂಕಾಗಿತ್ತು. ಗದಗವೂ ಅದರಲ್ಲೇ ಸೇರಿತ್ತು. 1858ರಲ್ಲಿ ಮುಂಡರಗಿ ಭೀಮರಾಯನ ಬಂಡಾಯದಲ್ಲಿ ಡಂಬಳದ ಖಜಾನೆ ಲೂಟಿಯಾದದ್ದು ಈ ಊರಿಗೆ ಆಗ ಇದ್ದ ಆಡಳಿತ ಮಹತ್ವವನ್ನು ತೋರಿಸುತ್ತದೆ. ಮುಂದೆ ತಾಲ್ಲೂಕಿನ ಹೆಸರು ಗದಗಕ್ಕೆ ಹೋಯಿತು, ಮುಂಡರಗಿಯು ಅದರ ಪೇಟಾ ಆಗಿ, ಎಂದರೆ ತಾಲ್ಲೂಕಿನೊಳಗಿನ ಉಪವಿಭಾಗವಾಗಿ ಉಳಿಯಿತು. ಗದಗ-ಬೆಟಗೇರಿಗೆ 1859ರಲ್ಲೇ ಪುರಸಭೆ ಬಂದಿತಾದರೂ ಹಳ್ಳಿಗಾಡಿಗೆ ಚುನಾವಣೆಯ ತತ್ವ ತಲುಪಿದ್ದು 1882ರ ರಿಪ್ಪನ್ ನಿರ್ಣಯದ ಬಳಿಕ ಬಂದ, 1884ರ ಮುಂಬಯಿ ಲೋಕಲ್ ಬೋರ್ಡ್ ಕಾಯಿದೆಯಿಂದ. ಜಿಲ್ಲೆಗೊಂದು, ತಾಲ್ಲೂಕಿಗೊಂದು ಬೋರ್ಡ್ ಏರ್ಪಟ್ಟು, ಸದಸ್ಯರಲ್ಲಿ ಒಂದು ಭಾಗ ಚುನಾಯಿತರಾದರು. ಮತದ ಹಕ್ಕು ಭೂಕಂದಾಯ ಅಥವಾ ಆಸ್ತಿಯ ಅಳತೆಗೆ ಕಟ್ಟುಬಿದ್ದಿದ್ದರಿಂದ ರೈತಕೂಲಿಗೂ ನೇಕಾರನಿಗೂ ಅದರಲ್ಲಿ ಪಾಲಿರಲಿಲ್ಲ. 1923ರ ಕಾಯಿದೆ ಚುನಾಯಿತರ ಪ್ರಮಾಣವನ್ನು ಹೆಚ್ಚಿಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂದಿನ ಗದಗ ಜಿಲ್ಲೆಯ ನಕಾಶೆಯನ್ನು ಹಿಂದಕ್ಕೆ ಒಯ್ದು ಇಡೀ ಪ್ರದೇಶದಲ್ಲಿ 1884ರಿಂದ ಲೋಕಲ್ ಬೋರ್ಡ್ ಚುನಾವಣೆ ನಡೆಯಿತೆಂದು ಬರೆಯುವುದು ಸರಿಯಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಮುಂಬಯಿ ಶಾಸನಸಭೆಯ ಕಾಯಿದೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಈ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲಷ್ಟೇ ಡಂಬಳದ ರೈತನೂ ಲಕ್ಷ್ಮೇಶ್ವರದ ರೈತನೂ ಒಂದೇ ಚುನಾವಣಾ ಕಾನೂನಿನ ಕೆಳಗೆ ಬಂದರು.

ರಾಜ್ಯ ಏಕೀಕರಣದಿಂದ ಜಿಲ್ಲಾ ಪರಿಷತ್ತಿಗೆ

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಮೈಸೂರು ಗ್ರಾಮ ಪಂಚಾಯತಿ ಮತ್ತು ಲೋಕಲ್ ಬೋರ್ಡ್ ಕಾಯಿದೆ ಹಳೆಯ ಮುಂಬಯಿ, ಹೈದರಾಬಾದ್, ಮದ್ರಾಸ್ ವ್ಯವಸ್ಥೆಗಳನ್ನು ತೆಗೆದು, ಗ್ರಾಮ ಪಂಚಾಯತಿ ಹಾಗೂ ಜನರು ನೇರವಾಗಿ ಆರಿಸುವ ತಾಲ್ಲೂಕು ಅಭಿವೃದ್ಧಿ ಮಂಡಳಿ ಎಂಬ ಎರಡು ಹಂತಗಳನ್ನು ನಿಲ್ಲಿಸಿತು. ಜಿಲ್ಲಾ ಮಟ್ಟದಲ್ಲಿ ಉಳಿದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ, ಸಲಹೆ ನೀಡಲಷ್ಟೇ ಅಧಿಕಾರವಿದ್ದ ಅಭಿವೃದ್ಧಿ ಪರಿಷತ್ತು. ಮಂಡಳಿಗಳ ಮೊದಲ ಚುನಾವಣೆ 1960ರಲ್ಲಿ, ಕೊನೆಯದು 1978ರಲ್ಲಿ ನಡೆಯಿತು. ಅಷ್ಟು ವರ್ಷಗಳ ಅವಧಿಗೆ ಚುನಾವಣೆಗಳ ಸಂಖ್ಯೆ ತೀರ ಕಡಿಮೆಯಾದದ್ದನ್ನು ಗುರುತಿಸಿದರೆ ಈ ಘಟ್ಟದ ಮುಖ್ಯ ಲಕ್ಷಣ ಹೇಳಿದಂತಾಗುತ್ತದೆ.

ನಿಜವಾದ ತಿರುವು 1987ರ ಜನವರಿಯ ಚುನಾವಣೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್‌ಸಾಬ್ ಅವರು ರೂಪಿಸಿದ 1983ರ ಕಾಯಿದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳನ್ನು ಹುಟ್ಟುಹಾಕಿತು. ರಾಷ್ಟ್ರಪತಿಗಳ ಅಂಕಿತ ದೊರೆಯಲು 1985ರವರೆಗೆ ಕಾಯಬೇಕಾಯಿತು. ಸುಮಾರು 28,000 ಜನಸಂಖ್ಯೆಗೆ ಒಬ್ಬ ಜಿಲ್ಲಾ ಪರಿಷತ್ ಸದಸ್ಯ, 400 ಜನಸಂಖ್ಯೆಗೆ ಒಬ್ಬ ಮಂಡಲ ಸದಸ್ಯ, ಮಹಿಳೆಯರಿಗೆ ಶೇ 25ರಷ್ಟು ಸ್ಥಾನ, ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಎಂಬ ವ್ಯವಸ್ಥೆಯಲ್ಲಿ, ಜಿಲ್ಲೆಯ ಅಧಿಕಾರಿವರ್ಗ ಮೊದಲ ಬಾರಿಗೆ ಚುನಾಯಿತರ ಕೈಕೆಳಗೆ ಬಂದಿತು. ಮುಂಡರಗಿ ಭಾಗದ ಕ್ಷೇತ್ರಗಳು ಆಗ ಧಾರವಾಡ ಜಿಲ್ಲಾ ಪರಿಷತ್ತಿನಲ್ಲಿದ್ದವು. ರಾಜ್ಯಮಟ್ಟದಲ್ಲಿ ಜನತಾ ಪಕ್ಷವು ಕಾಂಗ್ರೆಸ್ಸಿಗಿಂತ ಮುಂದಿತ್ತು. ಈ ಪರಿಷತ್ತುಗಳ ಅವಧಿ 1992ರ ಆರಂಭದಲ್ಲಿ ಮುಗಿದಾಗ ಹೊಸ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಜಿಲ್ಲೆಗೆ ಚುನಾಯಿತ ಸಭೆ ಇರಲಿಲ್ಲ.

ಗದಗ ಜಿಲ್ಲಾ ಪಂಚಾಯತಿ

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಅದರ ಬೆನ್ನಲ್ಲೇ ಮೇ 10ರಿಂದ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ಚಾಲ್ತಿಗೆ ಬಂದಿತು. ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳಿಗೂ ನೇರ ಚುನಾವಣೆ ಎಂದಾಯಿತು. ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ. ಮೇಲಿನ ಎರಡಕ್ಕೆ ಇದೆ. ಆದ್ದರಿಂದ ಡಂಬಳ ಗ್ರಾಮ ಪಂಚಾಯತಿಯನ್ನು ಇಂಥ ಪಕ್ಷ ಗೆದ್ದಿತು ಎಂಬ ಹೇಳಿಕೆಗಳು ಬೆಂಬಲಿಗರ ಎಣಿಕೆಯೇ ಹೊರತು ಅಧಿಕೃತ ಫಲಿತಾಂಶವಲ್ಲ. ಗ್ರಾಮ ಪಂಚಾಯತಿಗಳ ಚುನಾವಣೆ 1993ರ ಡಿಸೆಂಬರ್‌ನಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳದು 1995ರಲ್ಲಿ ನಡೆಯಿತು. 1997ರ ಆಗಸ್ಟ್‌ನಲ್ಲಿ ಜೆ.ಎಚ್. ಪಟೇಲರ ಸರ್ಕಾರ ಗದಗವನ್ನು ಪ್ರತ್ಯೇಕ ಜಿಲ್ಲೆ ಮಾಡಿದ್ದರಿಂದ, ಗದಗ ಜಿಲ್ಲಾ ಪಂಚಾಯತಿಯ ಹೆಸರಿನಲ್ಲೇ ನಡೆದ ಮೊದಲ ಸಾರ್ವತ್ರಿಕ ಚುನಾವಣೆ 2000ದ್ದು. 2005 ಮತ್ತು 2010ರ ಚುನಾವಣೆಗಳು ಹೆಚ್ಚಿನ ವ್ಯತ್ಯಯವಿಲ್ಲದೆ ಸರದಿಯಂತೆ ನಡೆದವು. 2010ರ ವೇಳೆಗೆ ಮಹಿಳಾ ಮೀಸಲಾತಿ ಮೂರನೆಯ ಒಂದು ಭಾಗದಿಂದ ಅರ್ಧಕ್ಕೆ ಏರಿತ್ತು.

2016ರ ಫೆಬ್ರುವರಿಯ ಚುನಾವಣೆ ಈ ಸರಣಿಯಲ್ಲಿ 2025ರ ಮಧ್ಯಭಾಗದವರೆಗಿನ ಕೊನೆಯದು. ಫೆಬ್ರುವರಿ 13 ಮತ್ತು 20ರಂದು ಎರಡು ಹಂತಗಳಲ್ಲಿ ರಾಜ್ಯದಾದ್ಯಂತ ಮತದಾನ ನಡೆದು 23ರಂದು ಎಣಿಕೆಯಾಯಿತು. ರಾಜ್ಯದ 1,083 ಜಿಲ್ಲಾ ಪಂಚಾಯತಿ ಸ್ಥಾನಗಳಲ್ಲಿ ಕಾಂಗ್ರೆಸ್ 498, ಬಿಜೆಪಿ 408 ಸ್ಥಾನ ಪಡೆದವು. ಜೆಡಿಎಸ್ ಮೂರನೆಯ ಸ್ಥಾನದಲ್ಲಿ ಉಳಿಯಿತು. ಗದಗದಲ್ಲಿ ಸ್ಪರ್ಧೆ ಬಹುಮಟ್ಟಿಗೆ ಕಾಂಗ್ರೆಸ್ ಮತ್ತು ಬಿಜೆಪಿಗಳ ನಡುವೆಯೇ ಇದ್ದು, ಬಹುಮತ ಕಾಂಗ್ರೆಸ್ಸಿಗೆ ದೊರೆಯಿತು. ಆಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವ ಎಚ್.ಕೆ. ಪಾಟೀಲರು ಗದಗದ ಶಾಸಕರಾಗಿದ್ದುದು, ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಗದಗದಲ್ಲೇ ಆರಂಭವಾದದ್ದು ಈ ಫಲಿತಾಂಶದ ಹಿನ್ನೆಲೆಯಲ್ಲಿ ನೆನೆಯಬೇಕಾದ ಸಂಗತಿಗಳು.

2021ರ ನಂತರದ ತೆರವು

2016ರಲ್ಲಿ ಆಯ್ಕೆಯಾದವರ ಅವಧಿ 2021ರ ಏಪ್ರಿಲ್-ಮೇ ಹೊತ್ತಿಗೆ ಮುಗಿಯಿತು. ಅವಧಿ ತೀರುವ ಮೊದಲೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ನಗರಾಡಳಿತ ಸಂಸ್ಥೆಗಳಿಗಿರುವ ಇಂಥದೇ ನಿಯಮದಿಂದ ಸರ್ಕಾರಗಳು ನುಣುಚಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟ್ 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಕೋವಿಡ್ ಎರಡನೆಯ ಅಲೆಯ ನಡುವೆ ಆಡಳಿತಾಧಿಕಾರಿಗಳು ಬಂದರು. ರಾಜ್ಯ ಚುನಾವಣಾ ಆಯೋಗ 2021ರ ಮಧ್ಯಭಾಗದಲ್ಲಿ ಕ್ಷೇತ್ರಗಳ ಗಡಿ ಮತ್ತು ಮೀಸಲಾತಿಯ ಕರಡು ಪ್ರಕಟಿಸಿದಾಗ, ಯಾವ ಕ್ಷೇತ್ರ ಯಾವ ವರ್ಗಕ್ಕೆ ಹೋಯಿತೆಂಬ ಬಗ್ಗೆ ಆಕ್ಷೇಪಗಳು ಬಂದವು. ಸೆಪ್ಟೆಂಬರ್‌ನಲ್ಲಿ ವಿಧಾನಮಂಡಲ ಕಾಯಿದೆಗೆ ತಿದ್ದುಪಡಿ ತಂದು, ಗಡಿ ಗುರುತಿಸುವ ಮತ್ತು ಮೀಸಲಾತಿ ನಿಗದಿಪಡಿಸುವ ಅಧಿಕಾರವನ್ನು ಚುನಾವಣಾ ಆಯೋಗದಿಂದ ತೆಗೆಯಿತು. ನಿವೃತ್ತ ಐಎಎಸ್ ಅಧಿಕಾರಿ ಎಂ. ಲಕ್ಷ್ಮೀನಾರಾಯಣ ಅವರ ನೇತೃತ್ವದಲ್ಲಿ ಪ್ರತ್ಯೇಕ ಸೀಮಾ ನಿರ್ಣಯ ಆಯೋಗ ರಚನೆಯಾಯಿತು. ಆವರೆಗಿನ ಕರಡು ನಿರರ್ಥಕವಾಯಿತು.

ವಿಳಂಬದ ಎರಡನೆಯ ಎಳೆ ಹಿಂದುಳಿದ ವರ್ಗಗಳ ಮೀಸಲಾತಿಯದು. 2010ರ ಕೆ. ಕೃಷ್ಣಮೂರ್ತಿ ಪ್ರಕರಣವನ್ನು ಆಧರಿಸಿ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ಷರತ್ತುಗಳನ್ನು ಕಡ್ಡಾಯಗೊಳಿಸಿತು: ರಾಜಕೀಯ ಹಿಂದುಳಿದಿರುವಿಕೆಯನ್ನು ಅಧ್ಯಯನ ಮಾಡುವ ಆಯೋಗ, ಅದರ ವರದಿಯ ಮೇಲೆ ಮೀಸಲಾತಿಯ ಪ್ರಮಾಣ ನಿಗದಿ, ಒಟ್ಟು ಮೀಸಲಾತಿ ಶೇ 50ನ್ನು ಮೀರದಿರುವುದು. 2022ರಲ್ಲಿ ರಚನೆಯಾದ ನಿವೃತ್ತ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗ ಅದೇ ವರ್ಷ ವರದಿ ನೀಡಿ, ಮೂರನೆಯ ಒಂದು ಭಾಗದ ಮೀಸಲಾತಿಯನ್ನು ಶೇ 50ರ ಮಿತಿಯೊಳಗೆ ಮುಂದುವರಿಸಲು ಶಿಫಾರಸು ಮಾಡಿತು. ಈ ನಡುವೆ ಚುನಾವಣಾ ಆಯೋಗವೇ ಹೈಕೋರ್ಟಿನ ಮೆಟ್ಟಿಲೇರಿತ್ತು. 2022ರ ಮೇ ತಿಂಗಳಲ್ಲಿ ಹೈಕೋರ್ಟ್ 12 ವಾರಗಳ ಗಡುವು ಕೊಟ್ಟಿತು. ಗಡುವು ಮೀರಿದ ಬಳಿಕ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ವಿಧಿಸಿತು. 2023ರಲ್ಲಿ ರಾಜ್ಯದ ಸರ್ಕಾರ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಬದಲಾದರೂ ಚುನಾವಣೆಯ ದಿನಾಂಕ ಮಾತ್ರ ಬರಲಿಲ್ಲ. ಗಡಿ ನಿರ್ಣಯ ಮುಗಿದುದನ್ನು ಆ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟಿಗೆ ತಿಳಿಸಲಾಯಿತು. ಮೀಸಲಾತಿ ಪಟ್ಟಿ ಬಾಕಿ ಉಳಿಯಿತು. ವಿಳಂಬವನ್ನು ಒಂದೇ ಪಕ್ಷದ ಲೆಕ್ಕಕ್ಕೆ ಬರೆಯುವ ವಿವರಣೆಗಳು ಈ ಕಾರಣದಿಂದ ನಿಲ್ಲುವುದಿಲ್ಲ.

ಗಡಿ ಎಳೆಯುವವರು ಯಾರು ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಬೇರೆ ಉತ್ತರವಿದೆ. 1972ರ ಕಾಯಿದೆಯಂತೆ 1974ರಿಂದ ಕೆಲಸ ಮಾಡುತ್ತಿರುವ ಅಲ್ಲಿನ ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳ ವಾರ್ಡುಗಳನ್ನು ಗುರುತಿಸುವುದು ಸಚಿವರಿಗಲ್ಲ, ಸಂಸತ್ತಿಗೆ ಉತ್ತರದಾಯಿಯಾದ ಸ್ವತಂತ್ರ ಗಡಿ ಆಯೋಗ. ಆದರೂ ದಿನಾಂಕದ ಮೇಲೆ ಅಲ್ಲಿಯೂ ಸರ್ಕಾರದ ಹಿಡಿತವಿದೆ; ಆಡಳಿತ ಪುನರ್ರಚನೆಯ ಕಾರಣ ಕೊಟ್ಟು 2025ರ ಮೇ ತಿಂಗಳಲ್ಲಿ ಒಂಬತ್ತು ಕೌನ್ಸಿಲ್‌ಗಳ ಚುನಾವಣೆಯನ್ನು ಮುಂದೂಡಲಾಯಿತು. ವ್ಯತ್ಯಾಸವೆಂದರೆ ಅಲ್ಲಿ ಹಳೆಯ ಸದಸ್ಯರೇ ಮುಂದುವರಿದರು, ಕರ್ನಾಟಕದಲ್ಲಿ ಸದಸ್ಯರ ಸ್ಥಾನ ಬರಿದಾಗಿ ಅಧಿಕಾರಿಗಳ ಆಡಳಿತ ಬಂದಿತು.

ಈ ತೆರವು ಎಲ್ಲ ಹಂತಗಳಿಗೂ ಸಮನಾಗಿ ಬರಲಿಲ್ಲ. ಗ್ರಾಮ ಪಂಚಾಯತಿಗಳ ಚುನಾವಣೆ 2020ರ ಡಿಸೆಂಬರ್ 22 ಮತ್ತು 27ರಂದು ನಡೆದಿತ್ತು. ಗದಗ-ಬೆಟಗೇರಿ ನಗರಸಭೆಯ 35 ವಾರ್ಡುಗಳಿಗೆ 2021ರ ಡಿಸೆಂಬರ್ 27ರಂದು ಮತದಾನ ನಡೆದು ಬಿಜೆಪಿ 18, ಕಾಂಗ್ರೆಸ್ 15, ಪಕ್ಷೇತರರು 2 ಸ್ಥಾನ ಪಡೆದರು. ಡಂಬಳದ ಮತದಾರರಿಗೆ ಊರಿನ ಸದಸ್ಯರೂ ಶಾಸಕರೂ ಇದ್ದು, ನಡುವಿನ ತಾಲ್ಲೂಕು ಮತ್ತು ಜಿಲ್ಲಾ ಹಂತಗಳು ಬರಿದಾದವು. ಕುಡಿಯುವ ನೀರು, ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರಗಳ ಹಣ ಹಂಚಿಕೆಯಂಥ ವಿಷಯಗಳು ಚರ್ಚೆಗೆ ಬರುವ ಸಾಮಾನ್ಯ ಸಭೆ, ಸ್ಥಾಯಿ ಸಮಿತಿಗಳು ಈ ಹಂತಗಳಲ್ಲಿಯೇ ಇರುವುದರಿಂದ, ಇದು ಕೇವಲ ಪದವಿಗಳ ತೆರವಲ್ಲ. ಪ್ರಶ್ನೆ ಕೇಳುವ ವೇದಿಕೆಯ ತೆರವು. ಡಂಬಳದ ಆಧುನಿಕ ಚುನಾವಣಾ ಇತಿಹಾಸದಲ್ಲಿ 1987ರ ನಂತರದ ದೊಡ್ಡ ತಿರುವು ಯಾವುದೆಂದರೆ, ಒಂದು ಫಲಿತಾಂಶಕ್ಕಿಂತ ಈ ಅನುಪಸ್ಥಿತಿಯನ್ನೇ ಹೆಸರಿಸಬೇಕಾಗುತ್ತದೆ. 1992ರಿಂದ 1995ರವರೆಗಿನ ತೆರವಿನ ಅವಧಿಯನ್ನು ಇದು 2024ರಲ್ಲೇ ಮೀರಿತು, ಮತ್ತು 2025ರ ಮಧ್ಯಭಾಗದವರೆಗೂ ಗದಗ ಜಿಲ್ಲಾ ಪಂಚಾಯತಿಗಾಗಲಿ ಮುಂಡರಗಿ ತಾಲ್ಲೂಕು ಪಂಚಾಯತಿಗಾಗಲಿ ಚುನಾವಣೆ ನಡೆದಿರಲಿಲ್ಲ.