ಬ್ಲ್ಯಾಕ್ ಕ್ಯಾನಿಯನ್: ದಾರಿ ತೋರಿದವರ ಪಾಲು

ಅಮೆರಿಕದ ನೆವಾಡಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿ, ಹೂವರ್ ಅಣೆಕಟ್ಟಿನ ಬುಡದಿಂದ ಬೆಳಿಗ್ಗೆ ಹೊರಡುವ ಕಿರುದೋಣಿಗಳು ಸಂಜೆಯೊಳಗೆ ವಿಲೋ ಬೀಚ್ ಎಂಬ ದಂಡೆಯನ್ನು ಮುಟ್ಟುತ್ತವೆ. ನಡುವಿನ ದೂರ ಸುಮಾರು 19 ಕಿ.ಮೀ. ಒಬ್ಬರೋ ಇಬ್ಬರೋ ಕುಳಿತು ಹುಟ್ಟು ಹಾಕುವ ಈ ದೋಣಿಗೆ ಕಯಾಕ್ ಎಂದು ಹೆಸರು. ಎರಡೂ ಬದಿಗೆ ಜ್ವಾಲಾಮುಖಿ ಶಿಲೆಯ ಕಡಿದಾದ ಗೋಡೆಗಳಿವೆ. ಅವುಗಳ ಕಪ್ಪು ಬಣ್ಣದಿಂದಲೇ ಈ ಕಮರಿ ಬ್ಲ್ಯಾಕ್ ಕ್ಯಾನಿಯನ್ ಎನಿಸಿಕೊಂಡಿತು. ಸುತ್ತ ಮರುಭೂಮಿ, ನಡುವೆ ಹಸಿರು ನೀರು. ಮುಂದೆ ಮಾರ್ಗದರ್ಶಿಯ ದೋಣಿ, ಹಿಂದೆ ಪ್ರವಾಸಿಗರ ಸಾಲು. ಹೊಸಬರೂ ಅಂಜದೆ ಸಾಗುವಷ್ಟು ನದಿ ಇಲ್ಲಿ ಶಾಂತವಾಗಿದೆ. ಆದರೆ ಈ ಶಾಂತಿ ಅದರ ಹುಟ್ಟುಗುಣವಲ್ಲ.

ಕೊಲೊರಾಡೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕೆಂಪು ಬಣ್ಣದ್ದು ಎಂದರ್ಥ. ರಾಕಿ ಪರ್ವತಗಳ ಹಿಮ ಕರಗಿದಾಗ ಈ ನದಿ ಕೆಂಪು ಹೂಳನ್ನು ಹೊತ್ತು ಉಕ್ಕಿ ಹರಿಯುತ್ತಿತ್ತು. ಉಳಿದ ಕಾಲದಲ್ಲಿ ಸೊರಗುತ್ತಿತ್ತು. ಅದರ ತಿರುವು, ಮರಳದಿಣ್ಣೆ, ಸೆಳೆತಗಳನ್ನು ಬಲ್ಲವರು ಅದರ ದಂಡೆಯಲ್ಲೇ ಬೇಸಾಯ ಮಾಡಿಕೊಂಡಿದ್ದ ಮೊಹಾವಿ ಮೊದಲಾದ ಮೂಲನಿವಾಸಿಗಳು.

ಅಮೆರಿಕದ ಸೈನ್ಯಾಧಿಕಾರಿ ಜೋಸೆಫ್ ಐವ್ಸ್ 1857ರ ಕೊನೆಯಲ್ಲಿ ‘ಎಕ್ಸ್‌ಪ್ಲೋರರ್’ ಎಂಬ ಕಬ್ಬಿಣದ ಪುಟ್ಟ ಉಗಿಹಡಗಿನಲ್ಲಿ ನದಿಯ ಮುಖದಿಂದ ಮೇಲಕ್ಕೆ ಹೊರಟ. ಹಡಗು ಎಲ್ಲಿಯವರೆಗೆ ಹೋಗಬಲ್ಲದು ಎಂದು ತಿಳಿಯುವುದು ಸರ್ಕಾರದ ಉದ್ದೇಶವಾಗಿತ್ತು. ಮೊಹಾವಿ ಜನರ ಮುಖಂಡ ಇರಟೇಬಾ ದಾರಿ ತೋರಿಸಲು ಜೊತೆಯಾದ. 1858ರ ಮಾರ್ಚ್‌ನಲ್ಲಿ ಬ್ಲ್ಯಾಕ್ ಕ್ಯಾನಿಯನ್ನಿನ ಬಾಗಿಲಲ್ಲೇ ಹಡಗು ಮುಳುಗುಬಂಡೆಗೆ ಬಡಿಯಿತು. ಐವ್ಸ್ ಸಣ್ಣ ದೋಣಿಯೊಂದರಲ್ಲಿ ಕಮರಿಯೊಳಗೆ ಹೋಗಿ ನೋಡಿಬಂದ. ಹಡಗಿನ ದಾರಿ ಇಲ್ಲಿಗೇ ಮುಗಿಯಿತು ಎಂಬುದು ಅವನ ತೀರ್ಮಾನ. ಬಳಿಕ ನೆಲದ ಮೇಲೆ ಪೂರ್ವಕ್ಕೆ ಸಾಗಿ ಗ್ರ್ಯಾಂಡ್ ಕ್ಯಾನಿಯನ್ ಕಂಡಾಗಲೂ, ಲಾಭವಿಲ್ಲದ ಈ ಜಾಗಕ್ಕೆ ಇನ್ನು ಬಿಳಿಯರು ಯಾರೂ ಬರಲಾರರು ಎಂದೇ ಅವನಿಗೆ ಅನ್ನಿಸಿತು.

ಆ ಮಾತು ಬಹಳ ಕಾಲ ನಿಲ್ಲಲಿಲ್ಲ. 1866ರಲ್ಲಿ ‘ಎಸ್ಮೆರಾಲ್ಡಾ’ ಎಂಬ ಹಡಗು ಈ ಕಮರಿಯನ್ನು ದಾಟಿ ಕಾಲ್‌ವಿಲ್ ಎಂಬ ಊರನ್ನು ತಲುಪಿತು. ಸೆಳೆತ ಜೋರಿದ್ದ ಕಡೆ ಬಂಡೆಗೆ ಕಬ್ಬಿಣದ ಬಳೆಗಳನ್ನು ಜಡಿದು, ಹಗ್ಗ ಕಟ್ಟಿ, ಹಡಗುಗಳನ್ನು ಮೇಲಕ್ಕೆ ಎಳೆಯುತ್ತಿದ್ದರು. ಅಂಥ ಬಳೆಯೊಂದನ್ನು ಮಾರ್ಗದರ್ಶಿಗಳು ಈಗಲೂ ತೋರಿಸುತ್ತಾರೆ. ಕೆಳಗಿನ ಡೇವಿಸ್ ಅಣೆಕಟ್ಟು 1951ರಲ್ಲಿ ಮುಗಿದು ಹಿನ್ನೀರು ಏರಿದ್ದರಿಂದ ಹಳೆಯ ಅಬ್ಬರ ಅಲ್ಲಿಲ್ಲ.

ನದಿಯನ್ನು ನಿಜವಾಗಿ ಪಳಗಿಸಿದ್ದು 726 ಅಡಿ ಎತ್ತರದ ಹೂವರ್ ಅಣೆಕಟ್ಟು. 1931ರಲ್ಲಿ ಕೆಲಸ ಆರಂಭವಾಗಿ, ಮರುವರ್ಷ ನದಿಯನ್ನು ಸುರಂಗಗಳಿಗೆ ತಿರುಗಿಸಲಾಯಿತು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅಣೆಕಟ್ಟನ್ನು ಉದ್ಘಾಟಿಸಿದರು. ಆ ಕಾಲದ ಗುರುತುಗಳು ದೋಣಿಯ ದಾರಿಯುದ್ದಕ್ಕೂ ಸಿಗುತ್ತವೆ. ಕೆಲಸಗಾರರು ಕೊರೆಯುವಾಗ ಬಿಸಿನೀರು ಹೊಮ್ಮಿದ ಸುರಂಗವೊಂದು ಈಗ ಪ್ರವಾಸಿಗರಿಗೆ ಹಬೆಯ ಗುಹೆ. ಇನ್ನೂ ಕೆಳಗೆ, ಹರಿವನ್ನು ಅಳೆಯುತ್ತಿದ್ದ ಕಟ್ಟೆಯೊಂದು ಬಂಡೆಗೆ ಅಂಟಿಕೊಂಡಂತೆ ನಿಂತಿದೆ. ಅಳತೆಗಾರ ಬಂಡೆಯಂಚಿನ ಕಿರುದಾರಿಯಲ್ಲಿ ನಡೆದು, ತಂತಿಯ ತೊಟ್ಟಿಲಿನಲ್ಲಿ ನದಿ ದಾಟಿ ಅಲ್ಲಿಗೆ ಹೋಗಬೇಕಿತ್ತು. ವಿಲೋ ಬೀಚ್ ಸಮೀಪದ ಪಚ್ಚೆ ಗುಹೆಯಲ್ಲಿ ಬಿಸಿಲು ಬಿದ್ದಾಗ ನೀರು ಹಸಿರಾಗಿ ಹೊಳೆಯುತ್ತದೆ. ಹೂಳೆಲ್ಲ ಅಣೆಕಟ್ಟಿನ ಹಿಂದಿನ ಮೀಡ್ ಸರೋವರದಲ್ಲಿ ಉಳಿದು ತಿಳಿನೀರು ಮಾತ್ರ ಕೆಳಗೆ ಬರುವುದರಿಂದಲೇ ಈ ಹೊಳಪು. ಕಾಲ್‌ವಿಲ್ ಊರು ಅದೇ ಸರೋವರದ ಪಾಲಾಯಿತು.

ಅಳೆದ ನೀರನ್ನು ಹಂಚಬೇಕಲ್ಲವೆ? ಆ ಹಂಚಿಕೆ ಅಣೆಕಟ್ಟಿಗಿಂತ ಮೊದಲೇ ಆಗಿತ್ತು. 1922ರ ಒಪ್ಪಂದದ ಪ್ರಕಾರ ಏಳು ರಾಜ್ಯಗಳು ನದಿಯನ್ನು ಮೇಲ್ಕಣಿವೆ, ಕೆಳಕಣಿವೆ ಎಂದು ಭಾಗ ಮಾಡಿ, ಒಂದೊಂದಕ್ಕೂ ವರ್ಷಕ್ಕೆ 75 ಲಕ್ಷ ಎಕರೆ-ಅಡಿ ನೀರು ಗೊತ್ತುಮಾಡಿದವು. ಒಂದು ಎಕರೆಯಲ್ಲಿ ಒಂದಡಿ ನಿಲ್ಲುವ ನೀರು ಒಂದು ಎಕರೆ-ಅಡಿ. ಲೆಕ್ಕ ಹಾಕಿದ್ದು ಮಳೆ, ಹಿಮ ಎರಡೂ ಹೆಚ್ಚಾಗಿದ್ದ ವರ್ಷಗಳನ್ನು ನೋಡಿ. ನದಿಯಲ್ಲಿ ಇರುವುದಕ್ಕಿಂತ ಹೆಚ್ಚು ನೀರು ಕಾಗದದ ಮೇಲೆ ಹರಿಯಿತು. ಆ ಮಾತುಕತೆಯಲ್ಲಿ ಮೂಲನಿವಾಸಿಗಳಿಗೆ ಜಾಗವಿರಲಿಲ್ಲ. ಅವರ ಬಗ್ಗೆ ಕೇಂದ್ರ ಸರ್ಕಾರಕ್ಕಿರುವ ಹೊಣೆಗೆ ಬಾಧೆಯಿಲ್ಲ ಎಂಬ ಒಂದು ಸಾಲಿನಲ್ಲಿ ವಿಷಯ ಮುಗಿಯಿತು.

ಇರಟೇಬಾನ ಜನ ತಮ್ಮ ಪಾಲನ್ನು ಪಡೆಯಲು 1963ರವರೆಗೆ ಕಾಯಬೇಕಾಯಿತು. ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕೆಳನದಿಯ ಐದು ಮೀಸಲು ಪ್ರದೇಶಗಳಿಗೆ ಒಟ್ಟು ಸುಮಾರು 9 ಲಕ್ಷ ಎಕರೆ-ಅಡಿ ನೀರಿನ ಹಕ್ಕನ್ನು ಒಪ್ಪಿತು. ಮೊಹಾವಿಗಳು ವಾಸಿಸುವ ಪ್ರದೇಶಗಳೂ ಅದರಲ್ಲಿದ್ದವು. ಮೀಸಲು ಪ್ರದೇಶ ಏರ್ಪಟ್ಟ ದಿನದಿಂದಲೇ ಹಕ್ಕಿನ ಹಿರಿತನ ಲೆಕ್ಕಕ್ಕೆ ಬರುತ್ತದೆ ಎಂಬುದು ತೀರ್ಪಿನ ತಿರುಳು. ನೀರು ಕಡಿಮೆಯಾದ ಕಾಲದಲ್ಲಿ ಈ ಹಿರಿತನಕ್ಕೆ ಬೆಲೆ ಹೆಚ್ಚು. 2022ರ ಜುಲೈನಲ್ಲಿ ಮೀಡ್ ಸರೋವರ, 1930ರ ದಶಕದಲ್ಲಿ ತುಂಬಿದ ಮೇಲೆ ಎಂದೂ ಕಾಣದಷ್ಟು ಕೆಳಕ್ಕೆ ಇಳಿದಿತ್ತು.

ಅಣೆಕಟ್ಟಿನಿಂದ ಕೆಳಗಿನ ಈ ಜಲಮಾರ್ಗ 2014ರಲ್ಲಿ ರಾಷ್ಟ್ರೀಯ ಜಲಪಥವೆಂಬ ಮನ್ನಣೆ ಪಡೆಯಿತು. ಪ್ರವಾಸಿಯ ಹುಟ್ಟಿಗೆ ಸಿಗುವ ನೀರು, ಕೆಳಗಿನ ಹೊಲಗಳ ಮತ್ತು ನಗರಗಳ ಹೆಸರಿಗೆ ಆಗಲೇ ಬರೆದಿಟ್ಟ ನೀರು. ದೋಣಿ ಅದರ ಮೇಲೆ ಒಂದು ಹಗಲು ತೇಲುತ್ತದೆ, ಅಷ್ಟೆ. ಅಂದು ದಾರಿ ತೋರಿದವರ ಹೆಸರು ಆ ಲೆಕ್ಕದ ಪುಸ್ತಕಕ್ಕೆ ಬರಲು ಒಂದು ಶತಮಾನ ಹಿಡಿಯಿತು.