ಸೀಟಿನ ಬಾಗಿಲು, ಕೋಣೆಯ ಬಾಗಿಲು

ಹಾಸನ ಜಿಲ್ಲೆಯಲ್ಲಿ ‘ಸೀಟು’ ಎಂಬ ಮಾತಿಗೆ ಬಸ್ಸಿನ ಸೀಟಿಗಿಂತ ದೊಡ್ಡ ಅರ್ಥವೊಂದಿದೆ. ಪಿ.ಯು.ಸಿ. ಫಲಿತಾಂಶ ಬಂದ ದಿನಗಳಲ್ಲಿ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲೋ ಅರಕಲಗೂಡಿನ ಸಂತೆಯಲ್ಲೋ ‘ಹುಡುಗಂಗೆ ಸೀಟು ಸಿಕ್ತಾ?’ ಎಂದು ಯಾರಾದರೂ ಕೇಳಿದರೆ ಅದು ಮೆಡಿಕಲ್ ಇಲ್ಲವೇ ಎಂಜಿನಿಯರಿಂಗ್ ಸೀಟಿನ ವಿಚಾರವೆಂದೇ ತಿಳಿಯಬೇಕು. ಸಿಕ್ಕಿತು ಎಂಬ ಉತ್ತರ ಬಂದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಅಲ್ಲಿ ಎಲ್ಲಿ ಉಳ್ಕೋತಾನೆ?’

ಮೊದಲ ಪ್ರಶ್ನೆ ಕಳೆದ 60 ವರ್ಷಗಳಲ್ಲಿ ಹಲವು ಸಲ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದೆ. ಅದರಲ್ಲೂ ಕರ್ನಾಟಕದಿಂದ ಹೋದ ಮೊಕದ್ದಮೆಗಳೇ ಇಡೀ ದೇಶಕ್ಕೆ ದಾರಿ ತೋರಿಸಿವೆ. ಎರಡನೆಯ ಪ್ರಶ್ನೆಗೆ ಅಂಥ ಭಾಗ್ಯ ಸಿಗಲಿಲ್ಲ. ಆದರೆ ಹಳ್ಳಿಯ ಹುಡುಗನೊಬ್ಬ ಡಾಕ್ಟರಾಗುವ ಕಥೆಯಲ್ಲಿ ಎರಡೂ ಸಮನಾದ ಪ್ರಶ್ನೆಗಳು. ಒಂದನ್ನು ಬಿಟ್ಟು ಇನ್ನೊಂದರ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಮದರಾಸಿನಿಂದ ಮೈಸೂರಿಗೆ

ಮೈಸೂರು ಸಂಸ್ಥಾನದ ವಿದ್ಯಾರ್ಥಿಗೆ ವೈದ್ಯಕೀಯ ಪದವಿ ಬೇಕೆಂದರೆ ಒಂದು ಕಾಲದಲ್ಲಿ ಹೊರಗೆ, ಹೆಚ್ಚಾಗಿ ಮದರಾಸಿಗೆ, ಹೋಗಬೇಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1924ರಲ್ಲಿ, ಸಂಸ್ಥಾನದ್ದೇ ಆದ ಮೆಡಿಕಲ್ ಕಾಲೇಜು ಬೆಂಗಳೂರಿನಲ್ಲಿ ಆರಂಭವಾಯಿತು. 1930ರಲ್ಲಿ ಅದು ಮೈಸೂರಿಗೆ ಸ್ಥಳಾಂತರಗೊಂಡಿತು. ಇಂದಿನ ಕರ್ನಾಟಕದ ಮೊದಲ ಮೆಡಿಕಲ್ ಕಾಲೇಜು ಅದೇ.

ಈ ಸ್ಥಳಾಂತರದಿಂದ ಹಾಸನ ಸೀಮೆಗೆ ಅನುಕೂಲವಾಯಿತು. ಮೈಸೂರಿನಿಂದ ಹೊರಟು ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳನ್ನು ಹಾದು ಅರಸೀಕೆರೆ ಸೇರುವ ರೈಲು ಮಾರ್ಗ ಅಷ್ಟರಲ್ಲಾಗಲೇ ಇತ್ತು. ಟ್ರಂಕು, ಹಾಸಿಗೆ ಸುರುಳಿಯೊಂದಿಗೆ ಹೊಳೆನರಸೀಪುರದಲ್ಲಿ ರೈಲು ಹತ್ತಿದವನು ನೇರ ಮೈಸೂರಿನಲ್ಲೇ ಇಳಿಯಬಹುದಿತ್ತು. ಅರಕಲಗೂಡು ಮತ್ತು ಚನ್ನರಾಯಪಟ್ಟಣದವರು ರಸ್ತೆಯನ್ನೇ ನಂಬಬೇಕಾಗಿತ್ತು. ಚನ್ನರಾಯಪಟ್ಟಣದ ಮೇಲೆ ಹಾಯುವ ಹಾಸನ–ಬೆಂಗಳೂರು ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರಲ್ಲಿ. ಅರಕಲಗೂಡಿಗೆ ಇಂದಿಗೂ ರೈಲಿಲ್ಲ.

ಮೈಸೂರಿನಲ್ಲಿ ಇಳಿದ ಮೇಲೆ ಉಳಿಯುವುದೆಲ್ಲಿ? ಹಳೆಯ ಉತ್ತರವೆಂದರೆ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರಕ್ಕೆ ಏಳು ಮನೆಗಳಲ್ಲಿ ಉಂಡು ಓದುವ ಪದ್ಧತಿ ಅದು. ಬಡತನದಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರಿನ ಬಾಯಲ್ಲಿ ವಾರಾನ್ನದ ನೆನಪು ಕೃತಜ್ಞತೆಯಿಂದಲೇ ಬರುತ್ತದೆ. ಆದರೆ ಬಹುಮಟ್ಟಿಗೆ ಅದು ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳಲ್ಲಿ ತೆರೆದಿದ್ದ ಬಾಗಿಲು. ಒಕ್ಕಲಿಗ, ಲಿಂಗಾಯತ, ಕುರುಬ, ದಲಿತ ಹುಡುಗರಿಗೆ ನಗರದಲ್ಲಿ ಆ ಏಳು ಮನೆಗಳು ಇರಲಿಲ್ಲ.

ಇಲ್ಲದ ಮನೆಗಳ ಜಾಗದಲ್ಲಿ ಹುಟ್ಟಿಕೊಂಡದ್ದೇ ವಿದ್ಯಾರ್ಥಿನಿಲಯಗಳು. ಗುಬ್ಬಿ ತೋಟದಪ್ಪನವರು ತಮ್ಮ ಗಳಿಕೆಯನ್ನು ಬೆಂಗಳೂರಿನ ರೈಲು ನಿಲ್ದಾಣದ ಬಳಿಯ ಧರ್ಮಛತ್ರಕ್ಕೂ ವಿದ್ಯಾರ್ಥಿಗಳ ವಸತಿಗೂ ಮೀಸಲಿಟ್ಟರು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿನಿಲಯ ತೆರೆದರು. ಸಿದ್ಧಗಂಗೆಯಲ್ಲಿ ಜಾತಿಮತದ ಭೇದವಿಲ್ಲದೆ ಅನ್ನ, ವಸತಿ ಎರಡೂ ದೊರೆತವು. ನಮ್ಮಲ್ಲಿ ಕಾಲೇಜಿನ ಚರಿತ್ರೆಗೆ ಸಿಕ್ಕಷ್ಟು ಗಮನ ಹಾಸ್ಟೆಲ್ಲಿನ ಚರಿತ್ರೆಗೆ ಸಿಕ್ಕಿಲ್ಲ. ಆದರೆ ಹಳ್ಳಿಗಾಡಿನ ಮೊದಲ ತಲೆಮಾರಿನ ವಕೀಲರು, ಎಂಜಿನಿಯರುಗಳು, ಡಾಕ್ಟರುಗಳನ್ನು ಕುರಿತು ವಿಚಾರಿಸಿದರೆ, ಕಾಲೇಜಿನ ಹೆಸರಿನ ಪಕ್ಕದಲ್ಲೇ ಒಂದು ಹಾಸ್ಟೆಲ್ಲಿನ ಹೆಸರೂ ಬರುತ್ತದೆ.

ಸಂದರ್ಶನದ ಕಾಲ

ಸ್ವಾತಂತ್ರ್ಯಾನಂತರ ಕಾಲೇಜುಗಳ ಸಂಖ್ಯೆ ಬೆಳೆಯಿತು. 1953ರಲ್ಲಿ ಮಣಿಪಾಲ, 1955ರಲ್ಲಿ ಬೆಂಗಳೂರು, 1957ರಲ್ಲಿ ಹುಬ್ಬಳ್ಳಿ ಕಾಲೇಜುಗಳು ಬಂದವು. ಸೀಟಿಗಾಗಿ ಬರುವವರ ಸಂಖ್ಯೆ ಅದಕ್ಕಿಂತ ವೇಗವಾಗಿ ಬೆಳೆಯಿತು. ಇರುವ ಸೀಟನ್ನು ಯಾರಿಗೆ, ಯಾವ ಆಧಾರದ ಮೇಲೆ ಕೊಡಬೇಕು ಎಂಬುದು ಸರ್ಕಾರದ ತಲೆನೋವಾಯಿತು.

1962ರ ಜುಲೈ 31ರಂದು ಅಂದಿನ ಮೈಸೂರು ಸರ್ಕಾರ ಮೆಡಿಕಲ್ ಹಾಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 68ರಷ್ಟು ಸೀಟುಗಳನ್ನು ಮೀಸಲಿಟ್ಟು ಆಜ್ಞೆ ಹೊರಡಿಸಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಪಡಿಸಿತು. ಮೀಸಲಾತಿ ಸಾಮಾನ್ಯವಾಗಿ ಶೇ 50ರ ಒಳಗಿರಬೇಕು ಎಂದು ಇಂದಿಗೂ ದೇಶದಲ್ಲಿ ಕೇಳಿಬರುವ ಮಾತಿನ ಮೂಲ ಇರುವುದು ಈ ತೀರ್ಪಿನಲ್ಲಿ. ಅಂದರೆ ಆ ಮಾತು ಹುಟ್ಟಿದ್ದೇ ನಮ್ಮ ರಾಜ್ಯದ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳ ಜಗಳದಿಂದ.

ಮರುವರ್ಷ, 1963ರ ಜುಲೈ ತಿಂಗಳೊಂದರಲ್ಲೇ, ಸರ್ಕಾರ ಎರಡು ಕೆಲಸ ಮಾಡಿತು. ಮೊದಲನೆಯದಾಗಿ ಸಂದರ್ಶನಕ್ಕೆ ಅಂಕ ನಿಗದಿ ಮಾಡಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕ ಎಷ್ಟೋ ಅದರ ಶೇ 25ರಷ್ಟು ಸಂದರ್ಶನಕ್ಕೆ. ಪರೀಕ್ಷೆಯ ಅಂಕ 300 ಎಂದಿಟ್ಟುಕೊಂಡರೆ ಸಂದರ್ಶನಕ್ಕೆ 75. ಈ ಅಂಕಗಳನ್ನು ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವಿದ್ಯಾಭ್ಯಾಸದ ಸಾಧನೆ, ಎನ್.ಸಿ.ಸಿ., ಕ್ರೀಡೆ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಇವುಗಳನ್ನು ನೋಡಿ ಕೊಡಬೇಕೆಂದು ಸೂಚಿಸಿತು. ಎರಡನೆಯದಾಗಿ, ಹಿಂದುಳಿದವರು ಯಾರೆಂಬುದನ್ನು ಜಾತಿಯಿಂದಲ್ಲದೆ ವರಮಾನ ಮತ್ತು ಕಸುಬಿನಿಂದ ಗುರುತಿಸಿತು. ಕುಟುಂಬದ ವಾರ್ಷಿಕ ವರಮಾನ 1,200 ರೂಪಾಯಿಯೊಳಗಿದ್ದು, ಬೇಸಾಯ, ಕುಶಲ ಕಸುಬು, ಚಿಲ್ಲರೆ ವ್ಯಾಪಾರ, ಕೆಳದರ್ಜೆಯ ನೌಕರಿ ಅಥವಾ ಮೈಮುರಿದು ದುಡಿಯುವ ಕೆಲಸ ಮಾಡುವವರ ಮಕ್ಕಳಿಗೆ ಶೇ 30 ಸೀಟು ಮೀಸಲಾಯಿತು.

ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಅರಕಲಗೂಡಿನ ಕಡೆಯ ಹೊಗೆಸೊಪ್ಪು ಬೆಳೆಯುವ ರೈತನ ಮಗ ಒಂದು ಕಾಗದದ ಪ್ರಕಾರ ಸರ್ಕಾರದ ನೆರವಿಗೆ ಅರ್ಹ. ಇನ್ನೊಂದು ಕಾಗದದ ಪ್ರಕಾರ ಅದೇ ಹುಡುಗ ಎನ್.ಸಿ.ಸಿ., ನಾಟಕ, ಚರ್ಚಾಸ್ಪರ್ಧೆಗಳ ಪಟ್ಟಿ ಹಿಡಿದು ಸಮಿತಿಯ ಮುಂದೆ ಕೂರಬೇಕು. ಇವೆಲ್ಲ ಪೇಟೆಯ ಕಾಲೇಜುಗಳಲ್ಲಿ ಸುಲಭವಾಗಿ ಸಿಗುವ ಸರಕುಗಳು. ರಜೆ ಬಂದರೆ ಹೊಲಕ್ಕಿಳಿಯುವ ಹುಡುಗ ನಾಟಕದ ಪ್ರಮಾಣ ಪತ್ರ ಎಲ್ಲಿಂದ ತರಬೇಕು?

ಈ ಏರ್ಪಾಡನ್ನು ಪ್ರಶ್ನಿಸಿದ್ದೇ ಚಿತ್ರಲೇಖಾ ಪ್ರಕರಣ. 1964ರ ಜನವರಿ 29ರಂದು ಸುಪ್ರೀಂ ಕೋರ್ಟ್ ಬಹುಮತದ ತೀರ್ಪು ನೀಡಿ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯುವ ವಿಧಾನ ಯಾವುದಿರಬೇಕೆಂಬುದರಲ್ಲಿ ಶಿಕ್ಷಣ ತಜ್ಞರಲ್ಲೇ ಭಿನ್ನಾಭಿಪ್ರಾಯ ಇರುವಾಗ ನ್ಯಾಯಾಲಯ ಅದರಲ್ಲಿ ಕೈಹಾಕುವುದು ಸರಿಯಲ್ಲ ಎಂಬುದು ಅದರ ನಿಲುವು. ವರಮಾನ, ಕಸುಬಿನ ಅಳತೆಗೋಲನ್ನೂ ಕೋರ್ಟ್ ಒಪ್ಪಿತು.

ಸಂದರ್ಶನಕ್ಕೆ ಕಡಿವಾಣ ಬಿದ್ದದ್ದು 1980ರ ನವೆಂಬರಿನಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ. ಅಲ್ಲಿ ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಭಾಗ ಸಂದರ್ಶನಕ್ಕಿತ್ತು. ಒಬ್ಬೊಬ್ಬ ಅಭ್ಯರ್ಥಿಯನ್ನು ಎರಡು ಮೂರು ನಿಮಿಷ ಮಾತನಾಡಿಸಿ ಕಳುಹಿಸಲಾಗಿತ್ತು, ಕೇಳಿದ ಪ್ರಶ್ನೆಗಳೂ ತಂದೆ ತಾಯಿ ಯಾರು, ಊರು ಯಾವುದು ಎಂಬಂಥವು ಎಂಬುದು ದೂರು. ಸಂದರ್ಶನದ ಅಂಕ ಶೇ 15ನ್ನು ಮೀರುವುದು ಅನ್ಯಾಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ದೂರಿನಲ್ಲಿದ್ದ ಪ್ರಶ್ನೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವು ಈ ಲೇಖನದಲ್ಲಿ ಮತ್ತೊಮ್ಮೆ ಎದುರಾಗಲಿವೆ.

ಹಣ, ಆಮೇಲೆ ಪರೀಕ್ಷೆ

ಸಂದರ್ಶನದ ಮಾತು ಹಿಂದೆ ಸರಿಯುವ ಹೊತ್ತಿಗೆ ಹಣದ ಮಾತು ಮುಂದೆ ಬಂದಿತ್ತು. ಖಾಸಗಿ ಕಾಲೇಜುಗಳು ಬೆಳೆದಂತೆ ‘ಡೊನೇಷನ್’ ಎಂಬ ಪದ ಕನ್ನಡದ ಮನೆಮಾತಾಯಿತು. ಅದನ್ನು ತಡೆಯಲು ರಾಜ್ಯ 1984ರಲ್ಲಿ ಕಾನೂನನ್ನೇ ಮಾಡಿತು. 1989ರಲ್ಲಿ ಗೊತ್ತುಪಡಿಸಿದ ದರದಂತೆ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕವಿತ್ತು. ಉತ್ತರ ಪ್ರದೇಶದ ಮೀರತ್‌ನಿಂದ ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದ್ದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. ಇಂಥ ಶುಲ್ಕ ಕ್ಯಾಪಿಟೇಷನ್ ಅಲ್ಲದೆ ಬೇರೇನೂ ಅಲ್ಲ ಎಂದು 1992ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಅರ್ಧ ಸೀಟುಗಳು ಅರ್ಹತೆಯ ಮೇಲೆ ಸರ್ಕಾರಿ ದರದಲ್ಲಿ ಸಿಗಬೇಕೆಂದು ವಿಧಿಸಿತು. ಆ ಅರ್ಹತೆಯನ್ನು ಅಳೆಯಲು 1994ರಲ್ಲಿ ಸಿ.ಇ.ಟಿ. ಘಟಕ ಹುಟ್ಟಿತು.

ಸಿ.ಇ.ಟಿ. ಬಂದ ಮೇಲೆ ಹಳ್ಳಿಯವರಲ್ಲಿ ಒಂದು ಧೈರ್ಯ ಮೂಡಿದ್ದು ನಿಜ. ರ‍್ಯಾಂಕ್ ಪಟ್ಟಿ ಎಲ್ಲರ ಕಣ್ಣೆದುರಿಗಿತ್ತು. ಕೌನ್ಸೆಲಿಂಗ್‌ಗಾಗಿ ಅಪ್ಪ ಮಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವುದು, ಅಲ್ಲಿ ಉಳಿದ ಸೀಟುಗಳ ಲೆಕ್ಕ ನೋಡಿ ನಿಂತ ನಿಲುವಿನಲ್ಲೇ ಕಾಲೇಜು ಆರಿಸಿಕೊಳ್ಳುವುದು ಒಂದು ತಲೆಮಾರಿನ ಅನುಭವ. 2017ರಿಂದ ಎಂ.ಬಿ.ಬಿ.ಎಸ್. ಪ್ರವೇಶ ಪೂರ್ತಿಯಾಗಿ ನೀಟ್ ರ‍್ಯಾಂಕಿಗೆ ಒಳಪಟ್ಟಿತು. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕ್ರಿಯೆ ಆನ್‌ಲೈನಿನಲ್ಲಿ ನಡೆಯುತ್ತದೆ. ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸಿದರೆ ಕಂಪ್ಯೂಟರ್ ಸೀಟು ಹಂಚುತ್ತದೆ. ವ್ಯಕ್ತಿತ್ವ, ನಾಟಕ, ಎನ್.ಸಿ.ಸಿ. ಯಾವುದನ್ನೂ ಅದು ಕೇಳುವುದಿಲ್ಲ.

ಆದರೆ ಕಾಗದಗಳನ್ನು ಕೇಳುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟುಗಳು ಪ್ರತಿ ವರ್ಗದೊಳಗೂ ಇವೆ. ಶಾಲೆ ಪುರಸಭೆಯ ಅಥವಾ ಪಟ್ಟಣ ಪಂಚಾಯಿತಿಯ ಎಲ್ಲೆಯೊಳಗಿದ್ದರೆ ಗ್ರಾಮೀಣ ಪ್ರಯೋಜನವಿಲ್ಲ. ಹಳ್ಳಿಯಿಂದ ದಿನಾ ಚನ್ನರಾಯಪಟ್ಟಣದ ಪೇಟೆ ಶಾಲೆಗೆ ಬಸ್ಸಿನಲ್ಲಿ ಹೋಗಿ ಓದಿದವನು ಲೆಕ್ಕದ ಪ್ರಕಾರ ಹಳ್ಳಿಯವನಲ್ಲ. ಮಗುವನ್ನು ಯಾವ ಶಾಲೆಗೆ ಸೇರಿಸಿದೆವು ಎಂಬ ತೀರ್ಮಾನದ ಬೆಲೆ ಹನ್ನೆರಡು ವರ್ಷಗಳ ನಂತರ ತಿಳಿಯುತ್ತದೆ.

ಹಾಸನಕ್ಕೇ ಬಂದ ಕಾಲೇಜು

2006ರಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. ನಗರದ ಹಳೆಯ ಚಾಮರಾಜೇಂದ್ರ ಆಸ್ಪತ್ರೆ ಅದರ ಬೋಧನಾ ಆಸ್ಪತ್ರೆಯಾಯಿತು. ಅದಕ್ಕೂ ಮೊದಲು ಈ ಭಾಗದವರಿಗೆ ಹತ್ತಿರವಿದ್ದ ಮೆಡಿಕಲ್ ಕಾಲೇಜೆಂದರೆ 1986ರಲ್ಲಿ ಬೆಳ್ಳೂರಿನಲ್ಲಿ ಆರಂಭವಾದ ಆದಿಚುಂಚನಗಿರಿ ಸಂಸ್ಥೆಯದು. ಸರ್ಕಾರಿ ಕಾಲೇಜಿಗೆ ಮೈಸೂರಿನ ದಾರಿಯೇ ಹತ್ತಿರದ ದಾರಿ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಚನ್ನರಾಯಪಟ್ಟಣ ತಾಲ್ಲೂಕಿನ ಚೋಳೇನಹಳ್ಳಿಯವರು. ಅವರು ಎಂ.ಬಿ.ಬಿ.ಎಸ್. ಓದಿದ್ದು ಮೈಸೂರಿನಲ್ಲಿ.

ಊರಿಗೇ ಕಾಲೇಜು ಬಂದ ಮೇಲೆ ವಸತಿಯ ಚಿಂತೆ ತೀರಿತು ಎಂದುಕೊಳ್ಳುವುದು ಸಹಜ. ಹಾಗಾಗಲಿಲ್ಲ. ಸೀಟು ಹಂಚುವುದು ಜಿಲ್ಲೆಯ ಲೆಕ್ಕದಲ್ಲಲ್ಲ. ಜಿಲ್ಲಾವಾರು ಸೀಟು ಹಂಚಿಕೆ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಮದರಾಸಿನ ರಾಜೇಂದ್ರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಹಾಗಾಗಿ ಹೊಳೆನರಸೀಪುರದ ಹುಡುಗಿಗೆ ಬೀದರಿನಲ್ಲೋ ರಾಯಚೂರಿನಲ್ಲೋ ಸೀಟು ಸಿಗಬಹುದು, ಬೀದರಿನ ಹುಡುಗ ಹಾಸನಕ್ಕೆ ಬರಬಹುದು. ನೂರು ವರ್ಷ ಮಕ್ಕಳನ್ನು ಬೇರೆ ಊರಿಗೆ ಕಳುಹಿಸಿ ಅಲ್ಲಿ ಕೋಣೆ ಹುಡುಕುತ್ತಿದ್ದ ಹಾಸನ, ಈಗ ಬೇರೆ ಊರಿನ ಮಕ್ಕಳಿಗೆ ಕೋಣೆ ಬಾಡಿಗೆಗೆ ಕೊಡುವ ಊರೂ ಆಗಿದೆ.

ಬಾಡಿಗೆ ಮನೆಯ ಬಾಗಿಲಲ್ಲಿ

ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಷಿಪ್. ಒಟ್ಟು ಐದೂವರೆ ವರ್ಷ. ಕಾಲೇಜಿನ ಹಾಸ್ಟೆಲ್ ಸಿಕ್ಕರೆ ಸರಿ. ಸಿಗದಿದ್ದರೆ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್. ದೇವರಾಜ ಅರಸು ಅವರ ಕಾಲದಲ್ಲಿ, 1977ರಲ್ಲಿ, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆಯಾಗಿ ಇಂಥ ಹಾಸ್ಟೆಲ್‌ಗಳು ತಾಲ್ಲೂಕು ತಾಲ್ಲೂಕಿಗೂ ಹರಡಿದವು. ಅಲ್ಲೂ ಜಾಗ ಸಿಗದವರಿಗೆ 2013–14ರಲ್ಲಿ ವಿದ್ಯಾಸಿರಿ ಯೋಜನೆ ಬಂತು. ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳು ಊಟ, ವಸತಿಗೆ ನೆರವು ಸಿಗುತ್ತಿತ್ತು.

ಇದಾವುದೂ ಒದಗದವರು ಕೋಣೆ ಹುಡುಕಬೇಕು. ಮನೆ ಮಾಲೀಕರ ಬಾಗಿಲಲ್ಲಿ ನಡೆಯುವ ಮಾತುಕತೆ ಕರ್ನಾಟಕದ ಯಾವ ಊರಿನಲ್ಲೂ ಅಷ್ಟೇನೂ ಬೇರೆಯಲ್ಲ. ‘ಯಾವೂರಪ್ಪ? ನಿಮ್ಮ ತಂದೆಯವರು ಏನು ಮಾಡ್ತಾರೆ? ನೀವು ಯಾವ ಜನ? ಮಾಂಸ ಗೀಂಸ ತಿಂತೀರಾ?’ ಹುಡುಗಿಯಾದರೆ ರಾತ್ರಿ ಎಷ್ಟು ಹೊತ್ತಿಗೆ ಬರುವುದೆಂಬ ಪ್ರಶ್ನೆಯೂ ಸೇರುತ್ತದೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಇರುವ ವಿದ್ಯಾರ್ಥಿನಿ ಇದಕ್ಕೆ ಏನೆಂದು ಉತ್ತರ ಹೇಳಬೇಕು?

1980ರ ದೂರಿನಲ್ಲಿದ್ದ ಪ್ರಶ್ನೆಗಳು ಇವೇ ಅಲ್ಲವೇ? ತಂದೆ ಯಾರು, ಊರು ಯಾವುದು. ಕಾಲೇಜಿನ ಸಮಿತಿ ಕೇಳಿದಾಗ ಅದರ ವಿರುದ್ಧ ಕೋರ್ಟಿಗೆ ಹೋಗಬಹುದಿತ್ತು. ಬಾಡಿಗೆ ಮನೆಯ ಜಗಲಿಯ ಮೇಲೆ ಕೇಳಿದಾಗ ಹುಡುಗ ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ ಹೋಗಬೇಕಷ್ಟೆ. ಮನೆ ಮಾಲೀಕರಿಗೂ ತಮ್ಮ ಅಂಜಿಕೆಗಳಿರಬಹುದು. ಆದರೆ ಆ ಅಂಜಿಕೆಯ ಬೆಲೆ ತೆರುವವರು ಹೆಚ್ಚಾಗಿ ದಲಿತ, ಮುಸ್ಲಿಂ ವಿದ್ಯಾರ್ಥಿಗಳು ಎಂಬುದನ್ನು ಮರೆಮಾಚಬೇಕಾಗಿಲ್ಲ.

ಸರ್ಕಾರದ ಕೈಯಲ್ಲೇ ಇರುವ ಒಂದು ಪರಿಹಾರ ದೊಡ್ಡ ಖರ್ಚಿನದೇನೂ ಅಲ್ಲ. ಇಂದು ಸೀಟು ಹಂಚುವುದು ಪರೀಕ್ಷಾ ಪ್ರಾಧಿಕಾರ, ಹಾಸ್ಟೆಲ್ ಕೊಡುವುದು ಬೇರೆ ಇಲಾಖೆಗಳು, ಅರ್ಜಿಗಳೂ ಬೇರೆ ಬೇರೆ. ಪದವಿ ಕಾಲೇಜುಗಳ ತರಗತಿಗಳು ನಡೆಯುತ್ತಿರುವಾಗಲೂ ಮೆಡಿಕಲ್ ಸೀಟಿನ ಸುತ್ತುಗಳು ಮುಗಿದಿರುವುದಿಲ್ಲ. ಅಷ್ಟರಲ್ಲಿ ಹಾಸ್ಟೆಲ್‌ಗಳು ತುಂಬಿದ್ದರೆ ಆಶ್ಚರ್ಯವಿಲ್ಲ. ಜಾತಿ, ವರಮಾನ, ಗ್ರಾಮೀಣ ಪ್ರಮಾಣ ಪತ್ರಗಳೆಲ್ಲ ಸೀಟು ಹಂಚುವ ಹೊತ್ತಿಗೇ ಪ್ರಾಧಿಕಾರದ ಬಳಿ ಇರುತ್ತವೆ. ಅದೇ ಕಾಗದಗಳ ಮೇಲೆ ಸೀಟಿನ ಜೊತೆಗೇ ಹಾಸ್ಟೆಲ್ಲಿನ ಜಾಗವನ್ನೂ ಹಂಚಿದರೆ, ಪ್ರವೇಶ ಪತ್ರ ಹಿಡಿದು ಅರಿಯದ ಊರಿನಲ್ಲಿ ಬಸ್ಸಿಳಿಯುವ ಅಪ್ಪ ಮಗಳು ಬೀದಿ ಬೀದಿ ಅಲೆಯುವುದು ತಪ್ಪುತ್ತದೆ.